ಕಸವೆಂದುಕೊಂಡದ್ದು ಮದ್ದಾಗುವ ಹಾದಿ

ಶಿರ್ತಾಡಿಯಿಂದ ಹಿಡಿದು ಮೂಡುಬಿದಿರೆ, ಬೆಳ್ತಂಗಡಿ, ಬಂಟ್ವಾಳದ ಉದ್ದಗಲಕ್ಕೂ ಎಷ್ಟೋ ಮನೆಗಳ ಖರ್ಚು ತೂಗಿಸಿದ್ದು ಬೀಡಿ. ಅಡುಗೆ, ಗದ್ದೆ, ಕೊಟ್ಟಿಗೆಯ ಕೆಲಸ ಮುಗಿಸಿದ ಹೆಂಗಸರು ಚಾವಡಿಯಲ್ಲಿ ಕಾಲು ನೀಡಿ ಕೂರುತ್ತಿದ್ದರು. ತೊಡೆಯ ಮೇಲೆ ತಡ್ಪೆ, ಎಂದರೆ ಮೊರ. ನೆನೆಸಿ ಮೆತ್ತಗೆ ಮಾಡಿದ ಎಲೆಯನ್ನು ಅಳತೆಗೆ ಕತ್ತರಿಸಿ, ಚಿಟಿಕೆ ಹೊಗೆಸೊಪ್ಪಿನ ಪುಡಿ ಉದುರಿಸಿ, ಬೆರಳ ತುದಿಯಲ್ಲೇ ಸುರುಳಿ ಸುತ್ತಿ, ಬಾಯಿ ಮಡಚಿ ನೂಲು ಬಿಗಿಯುತ್ತಿದ್ದರು. ಬೀಡಿ ಕಂಪೆನಿಯ ಬ್ರಾಂಚಿಗೆ ಕೊಂಡುಹೋದರೆ ಸಾವಿರಕ್ಕೆ ಇಷ್ಟೆಂದು ಮಜೂರಿ. ಮಕ್ಕಳ ಫೀಸು ಕಟ್ಟಿದ್ದು, ಮಗಳ ಮದುವೆಗೆ ಚಿನ್ನ ಮಾಡಿಸಿದ್ದು ಆ ಮಜೂರಿಯಲ್ಲೇ. ಹಾಗೆ ಕಟ್ಟಿದ ಬೀಡಿ ದೇಶದ ಯಾವುದೋ ಮೂಲೆಯಲ್ಲಿ, ಕೆಲವೊಮ್ಮೆ ಪಕ್ಕದ ಮನೆಯಲ್ಲೇ, ಇನ್ನೊಬ್ಬರ ಬಾಯಿಗೆ ಹೋಗುತ್ತಿತ್ತು. ಕರ್ನಾಟಕದಲ್ಲಿ ತಯಾರಾಗಿ ದೇಶದ ಔಷಧ ನಿಯಂತ್ರಕರ ಮಂಜೂರಾತಿ ಪಡೆದ ಮೊದಲ ಕಾಂಡಕೋಶ ಔಷಧ ಯಾವ ಕಾಯಿಲೆಗೆ ಎಂದು ತಿಳಿಯಬೇಕಾದರೆ ಆ ಬಾಯಿಂದಲೇ ಕಥೆ ಶುರುಮಾಡಬೇಕು.

1908ರಲ್ಲಿ ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯ ಲಿಯೊ ಬರ್ಗರ್ ಎಂಬ ವೈದ್ಯ ಕತ್ತರಿಸಿ ತೆಗೆದ 11 ಕಾಲುಗಳನ್ನು ಬಿಡಿಸಿ ನೋಡಿದ. ಮುದುಕರ ಕಾಲುಗಳಲ್ಲಿ ಕಾಣುವಂತೆ ರಕ್ತನಾಳದ ಗೋಡೆಗೆ ಕೊಬ್ಬು ಮೆತ್ತಿಕೊಂಡಿರಲಿಲ್ಲ. ಸಣ್ಣ, ಮಧ್ಯಮ ಗಾತ್ರದ ನಾಳಗಳು ಉರಿಯೂತದಿಂದ ಊದಿ, ಒಳಗೆ ರಕ್ತ ಹೆಪ್ಪುಗಟ್ಟಿ ಮುಚ್ಚಿಹೋಗಿದ್ದವು. ವಿಯೆನ್ನಾದ ಫೆಲಿಕ್ಸ್ ಫಾನ್ ವಿನಿವಾರ್ಟರ್ 1879ರಲ್ಲೇ ಇಂಥದ್ದೊಂದನ್ನು ಕಂಡಿದ್ದ. ಆದರೂ ಕಾಯಿಲೆಗೆ ಉಳಿದದ್ದು ಬರ್ಗರ್‌ನ ಹೆಸರು. ಬರುವುದು ಹೆಚ್ಚಾಗಿ ದುಡಿಯುವ ವಯಸ್ಸಿನ, ತಂಬಾಕು ಸೇದುವ ಗಂಡಸರಿಗೆ. ಮೊದಲು ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ. ಆಮೇಲೆ ಮಲಗಿದ್ದರೂ ನೋವು, ರಾತ್ರಿ ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟರಷ್ಟೇ ಚೂರು ಸಮಾಧಾನ. ಬಳಿಕ ಹೆಬ್ಬೆರಳ ತುದಿಯಲ್ಲಿ ಮಾಯದ ಹುಣ್ಣು, ಕಪ್ಪು, ಕೊಳೆತ. ಬೆರಳು ಹೋಗುತ್ತದೆ, ಪಾದ ಹೋಗುತ್ತದೆ, ಕೆಲವರಿಗೆ ಮೊಣಕಾಲಿನವರೆಗೂ ಹೋಗುತ್ತದೆ.

ಕೈಕಾಲಿನ ರಕ್ತನಾಳ ಕಟ್ಟಿಕೊಂಡ ರೋಗಿಗಳಲ್ಲಿ ಈ ಕಾಯಿಲೆಯವರ ಪಾಲು ಪಶ್ಚಿಮ ಯುರೋಪಿನಲ್ಲಿ ಶೇಕಡಾ 0.5ರಿಂದ 5.6, ಭಾರತದಲ್ಲಿ 45ರಿಂದ 63 ಎಂದು ವೈದ್ಯಕೀಯ ಪತ್ರಿಕೆಗಳು ಲೆಕ್ಕ ಕೊಟ್ಟಿವೆ. ಮುಚ್ಚಿಹೋಗುವುದು ಕಾಲಿನ ಕೆಳತುದಿಯ ಸಣ್ಣ ನಾಳಗಳಾದ್ದರಿಂದ ಬೈಪಾಸ್ ಮಾಡಲು ಆಚೆಗೆ ಸರಿಯಾದ ನಾಳವೇ ಸಿಗುವುದಿಲ್ಲ. ಸೊಂಟದ ಬಳಿಯ ನರಗಂಟು ಕತ್ತರಿಸುವ ಶಸ್ತ್ರಕ್ರಿಯೆ ಕೆಲವರಿಗೆ ಸ್ವಲ್ಪ ಕಾಲ ಆಸರೆಯಾಯಿತು. ಹೊಗೆ ಪೂರ್ತಿ ಬಿಟ್ಟರೆ ಕಾಯಿಲೆ ನಿಲ್ಲುತ್ತದೆ. ಆದರೆ ಅಷ್ಟರಲ್ಲೇ ರಕ್ತ ಹರಿಯದೆ ಸಾಯುತ್ತಿರುವ ಕಾಲಿಗೆ ವೈದ್ಯರ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ.

ಆ ಖಾಲಿ ಜಾಗಕ್ಕೆ ಬಂದದ್ದು ಕಾಂಡಕೋಶ, ಜನರ ಬಾಯಲ್ಲಿ ಸ್ಟೆಮ್ ಸೆಲ್. ಅಸ್ಥಿಮಜ್ಜೆಯಲ್ಲಿ ರಕ್ತ ಹುಟ್ಟಿಸುವ ಕೋಶಗಳಲ್ಲದೆ ಇನ್ನೊಂದು ಜಾತಿಯ ಕೋಶಗಳೂ ಇವೆ, ಗಾಜಿನ ತಟ್ಟೆಗೆ ಅಂಟಿಕೊಂಡು ಬೆಳೆಯುತ್ತವೆ, ಮೂಳೆಯನ್ನೂ ಉಂಟುಮಾಡುತ್ತವೆ ಎಂದು ಸೋವಿಯತ್ ವಿಜ್ಞಾನಿ ಅಲೆಕ್ಸಾಂಡರ್ ಫ್ರೀಡೆನ್‌ಸ್ಟೈನ್ 1960-70ರ ದಶಕಗಳಲ್ಲಿ ತೋರಿಸಿದ್ದರು. 1991ರಲ್ಲಿ ಅಮೆರಿಕದ ಆರ್ನಲ್ಡ್ ಕ್ಯಾಪ್ಲನ್ ಅವಕ್ಕೆ ಮೆಸೆಂಕೈಮಲ್ ಸ್ಟೆಮ್ ಸೆಲ್ ಎಂಬ ಹೆಸರಿಟ್ಟರು. ಹೆಸರಿನ ಜೊತೆಗೆ ಒಂದು ಭರವಸೆಯೂ ಹರಡಿತು: ಈ ಕೋಶವನ್ನು ಹಾಳಾದ ಅಂಗಕ್ಕೆ ಹಾಕಿದರೆ ಅದೇ ಅಲ್ಲಿ ಹೊಸ ಅಂಗಾಂಶವಾಗಿ ಬೆಳೆದೀತು.

2001ರಲ್ಲಿ ಈ ಭರವಸೆ ನೆತ್ತಿಗೇರಿತು. ಪಿಯೆರೊ ಅನ್ವೆರ್ಸಾ ಅವರ ತಂಡ ಅಸ್ಥಿಮಜ್ಜೆಯ ಕೋಶಗಳು ಇಲಿಯ ಹಾಳಾದ ಹೃದಯದಲ್ಲಿ ಹೊಸ ಸ್ನಾಯುವಾದವು ಎಂದು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿತು. ಜಗತ್ತಿನ ಹಲವೆಡೆ ವೈದ್ಯರು ರೋಗಿಗಳ ಹೃದಯಕ್ಕೆ ಮಜ್ಜೆಯ ಕೋಶ ಚುಚ್ಚತೊಡಗಿದರು. ಮೂರೇ ವರ್ಷ. 2004ರಲ್ಲಿ ಅದೇ ನೇಚರ್‌ನಲ್ಲಿ ಸಿಯಾಟಲ್ ಮತ್ತು ಸ್ಟ್ಯಾನ್‌ಫರ್ಡಿನ ಎರಡು ತಂಡಗಳು ಆ ಪ್ರಯೋಗವನ್ನು ಮತ್ತೆ ಮಾಡಿ, ಮಜ್ಜೆಯ ಕೋಶ ಹೃದಯದ ಸ್ನಾಯುವಾಗುವುದಿಲ್ಲ ಎಂದವು. 2018ರ ಅಕ್ಟೋಬರಿನಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಅನ್ವೆರ್ಸಾ ಪ್ರಯೋಗಾಲಯದ 31 ಲೇಖನಗಳನ್ನು ಹಿಂಪಡೆಯಬೇಕೆಂದು ಪತ್ರಿಕೆಗಳನ್ನು ಕೇಳಿಕೊಂಡಿತು. ಅಷ್ಟರಲ್ಲಿ ಎಷ್ಟು ರೋಗಿಗಳು ಆ ನಂಬಿಕೆಯ ಮೇಲೆ ಮೈಯೊಡ್ಡಿದ್ದರೋ! ವಿಜ್ಞಾನದ ತಪ್ಪು ಪತ್ರಿಕೆಯ ಪುಟದಲ್ಲಷ್ಟೇ ಉಳಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ನೋವಿನ ಉದಾಹರಣೆ ಈ ಕ್ಷೇತ್ರದಲ್ಲಿ ಸಿಗದು.

ಆದರೆ ಒಂದು ಒಗಟು ಹಾಗೇ ಉಳಿದಿತ್ತು. ಮೆಸೆಂಕೈಮಲ್ ಕೋಶ ಹಾಕಿದ ಪ್ರಾಣಿಗಳು ಎಷ್ಟೋ ಪ್ರಯೋಗಗಳಲ್ಲಿ ನಿಜವಾಗಿಯೂ ಚೇತರಿಸುತ್ತಿದ್ದವು. ಹಾಕಿದ ಕೋಶಗಳು ಮಾತ್ರ ಅಲ್ಲಿ ಇರುತ್ತಿರಲಿಲ್ಲ. 2002ರ ಒಂದು ಪ್ರಯೋಗದಲ್ಲಿ ಮನುಷ್ಯರ ಕೋಶಗಳನ್ನು ಇಲಿಯ ಹೃದಯಕ್ಕೆ ಹಾಕಿ ನಾಲ್ಕು ದಿನದ ನಂತರ ಹುಡುಕಿದರೆ ಉಳಿದದ್ದು ಶೇಕಡಾ 0.44. ಮಿಕ್ಕವೆಲ್ಲ ಸತ್ತೋ ಚದುರಿಯೋ ಹೋಗಿದ್ದವು. ಕೆಲಸ ಮಾಡಿದ್ದು ಯಾರು? 2005ರಲ್ಲಿ ವಿಕ್ಟರ್ ಜಾವ್ ತಂಡ ಕೋಶಗಳನ್ನು ಪಕ್ಕಕ್ಕಿಟ್ಟು, ಅವು ಬೆಳೆದಿದ್ದ ದ್ರವವನ್ನಷ್ಟೇ ಇಲಿಗೆ ಕೊಟ್ಟಿತು. ಹೃದಯದ ಹಾನಿ ಕಡಿಮೆಯಾಯಿತು. ಎಂದರೆ ಈ ಕೋಶ ಗೋಡೆಯೊಳಗೆ ಸೇರಿಹೋಗುವ ಇಟ್ಟಿಗೆಯಲ್ಲ, ಕೆಲಸ ಹೇಳಿಕೊಟ್ಟು ಹೊರಟುಹೋಗುವ ಮೇಸ್ತ್ರಿ. 2007ರಲ್ಲಿ ಸಿಂಗಪುರದ ಸಾಯ್ ಕಿಯಾಂಗ್ ಲಿಮ್ ಮತ್ತು ನೆದರ್ಲೆಂಡ್ಸಿನ ಯೂಟ್ರೆಕ್ಟ್ ವೈದ್ಯರು ಅಂಥದ್ದೇ ದ್ರವವನ್ನು ಹಂದಿಗಳ ಮೇಲೆ ಪರೀಕ್ಷಿಸಿದರು, ಜೊತೆಗೆ ಗಾತ್ರದ ಪ್ರಕಾರ ಸೋಸಿಯೂ ನೋಡಿದರು. ಬಿಡಿ ಪ್ರೋಟೀನುಗಳಿದ್ದ ಪಾಲು ಉಪಯೋಗಕ್ಕೆ ಬರಲಿಲ್ಲ. ಫಲ ಕೊಟ್ಟದ್ದು ಸಾವಿರ ಕಿಲೋಡಾಲ್ಟನ್‌ಗೂ ಮೇಲಿನ, ಪ್ರೋಟೀನಿನ ಮಟ್ಟಿಗೆ ತೀರಾ ದೊಡ್ಡದಾದ ಯಾವುದೋ ಕಣ.

ಆ ಕಣ ಯಾವುದೆಂಬುದಕ್ಕೆ ಉತ್ತರ ಎರಡು ದಶಕಗಳಿಂದ ಬೇರೆಯೇ ಕಪಾಟಿನಲ್ಲಿ ಬಿದ್ದಿತ್ತು. ಕಾಂಡಕೋಶಕ್ಕೂ ಅದಕ್ಕೂ ಸಂಬಂಧವಿದೆಯೆಂದು ಯಾರೂ ಎಣಿಸಿರಲಿಲ್ಲ.

ಪೋಲೆಂಡಿನ ವೂಜ್ ನಗರದಲ್ಲಿ ಹುಟ್ಟಿ, 1936ರಲ್ಲಿ ಮಗುವಾಗಿದ್ದಾಗಲೇ ಮನೆಯವರ ಜೊತೆ ಕೆನಡಾಕ್ಕೆ ಬಂದ ರೋಸ್ ಜಾನ್‌ಸ್ಟೋನ್, ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಜೀವರಸಾಯನ ಕಲಿಸುತ್ತಿದ್ದರು. ಅವರ ಪ್ರಶ್ನೆ ಸರಳ. ಎಳೆಯ ಕೆಂಪು ರಕ್ತಕಣದ ಮೈಮೇಲೆ ಕಬ್ಬಿಣಾಂಶವನ್ನು ಹಿಡಿದು ಒಳಗೆಳೆಯುವ ಗ್ರಾಹಕಗಳು ತುಂಬಿರುತ್ತವೆ. ಬಲಿತ ಕಣದಲ್ಲಿ ಒಂದೂ ಇರುವುದಿಲ್ಲ. ಎಲ್ಲಿಗೆ ಹೋದವು? ಕೋಶ ತನ್ನೊಳಗೇ ಜೀರ್ಣಿಸಿಕೊಂಡಿತು ಎಂಬುದು ಆಗಿನ ಊಹೆ. ಜಾನ್‌ಸ್ಟೋನ್ ಮತ್ತು ಬಿನ್-ಟಾವೊ ಪಾನ್ ಕುರಿಗಳನ್ನು ಆರಿಸಿಕೊಂಡರು. ಕುರಿಯಿಂದ ರಕ್ತ ತೆಗೆದರೆ ಅದರ ದೇಹ ನಷ್ಟ ತುಂಬಲು ಎಳೆಯ ಕಣಗಳನ್ನು ಗಡಿಬಿಡಿಯಲ್ಲಿ ಹೊರಬಿಡುತ್ತದೆ. ಅವನ್ನು ತಟ್ಟೆಯಲ್ಲಿಟ್ಟು ಬಲಿಯಲು ಬಿಟ್ಟರು. ಬಳಿಕ ಕಣಗಳನ್ನು ತೆಗೆದು, ಉಳಿದ ದ್ರವವನ್ನು ಗುರುತ್ವದ ಲಕ್ಷ ಪಟ್ಟು ಬಲದಲ್ಲಿ ಗರಗರ ತಿರುಗಿಸಿದರು. ಕೊಳವೆಯ ತಳದಲ್ಲಿ ಒಂದಿಷ್ಟು ಗಸಿ ಕೂತಿತು. ಕಾಣೆಯಾದ ಗ್ರಾಹಕಗಳು ಆ ಗಸಿಯಲ್ಲಿದ್ದವು, ಅದೂ ಬಿಡಿಬಿಡಿಯಾಗಲ್ಲ, ಪೊರೆಯ ಪುಟ್ಟ ಚೀಲಗಳ ಮೇಲೆ ನೆಟ್ಟಗೆ ನಿಂತುಕೊಂಡು.

ಅದು 1983. ಅದೇ ವರ್ಷ ಅಮೆರಿಕದ ಸೇಂಟ್ ಲೂಯಿಯಲ್ಲಿ ಕ್ಲಿಫರ್ಡ್ ಹಾರ್ಡಿಂಗ್, ಫಿಲಿಪ್ ಸ್ಟಾಲ್ ಅವರೂ ಇಲಿಯ ರಕ್ತಕಣದಲ್ಲಿ ಇದನ್ನೇ ಕಂಡರು. ಕೋಶದೊಳಗೆ ಒಂದು ದೊಡ್ಡ ಚೀಲ, ಅದರ ಹೊಟ್ಟೆಯಲ್ಲಿ ಹತ್ತಾರು ಸಣ್ಣ ಚೀಲಗಳು. ದೊಡ್ಡದು ಕೋಶದ ಹೊರಪೊರೆಗೆ ಬಂದು ಕೂಡಿಕೊಂಡೊಡನೆ ಸಣ್ಣವೆಲ್ಲ ಹೊರಗೆ ಚೆಲ್ಲುತ್ತವೆ. 1987ರಲ್ಲಿ ಜಾನ್‌ಸ್ಟೋನ್ ಇವನ್ನು ಎಕ್ಸೊಸೋಮ್ ಎಂದು ಕರೆದರು. ಗಾತ್ರ 30ರಿಂದ 150 ನ್ಯಾನೋಮೀಟರ್, ತಲೆಕೂದಲಿನ ಅಡ್ಡಗಲಕ್ಕೆ ಸುಮಾರು ಸಾವಿರ ಸಾಲುಗಟ್ಟಿ ನಿಲ್ಲುವಷ್ಟು. ಕೋಶ ಬೇಡದ್ದನ್ನು ಹೊರಹಾಕುವ ಕಸದ ದಾರಿ ಇದು ಎಂದೇ ಎಲ್ಲರೂ ತೀರ್ಮಾನಿಸಿದರು. ಕಸದ ಮೇಲೆ ಹಣ ಹಾಕುವವರು ಯಾರು? ವಿಷಯ ತಣ್ಣಗಾಯಿತು. ಜಾನ್‌ಸ್ಟೋನ್ 2009ರಲ್ಲಿ ತೀರಿಕೊಂಡರು. ತಾವು ಕಂಡ ಗಸಿಯ ಸುತ್ತ ಒಂದು ಉದ್ಯಮವೇ ಏಳುವುದನ್ನು ನೋಡಲು ಅವರಿಗೆ ಆಯುಷ್ಯ ಸಾಲಲಿಲ್ಲ.

ಕಸವೆಂಬ ಮಾತಿಗೆ ಮೊದಲ ಪೆಟ್ಟು ಬಿದ್ದದ್ದು 1996ರಲ್ಲಿ. ರೋಗನಿರೋಧಕ ಕೋಶಗಳು ಹೊರಬಿಟ್ಟ ಎಕ್ಸೊಸೋಮುಗಳು ಬೇರೆ ಕೋಶಗಳನ್ನು ಕೆರಳಿಸಬಲ್ಲವು ಎಂದು ಗ್ರಾಸಾ ರಪೋಸೊ ಮತ್ತು ಸಂಗಡಿಗರು ತೋರಿಸಿದರು. 2007ರಲ್ಲಿ ಸ್ವೀಡನ್ನಿನ ಯೋಥೆಬೊರಿಯಲ್ಲಿ ಹಾದಿ ವಲಾದಿ, ಯಾನ್ ಲೋಟ್‌ವಾಲ್ ತಂಡ ಈ ಚೀಲಗಳೊಳಗೆ ಆರ್‌ಎನ್‌ಎ ಇದೆ, ಅದು ಇನ್ನೊಂದು ಕೋಶದೊಳಗೆ ಹೋಗಿ ಅಲ್ಲಿ ಪ್ರೋಟೀನನ್ನೇ ತಯಾರಿಸುತ್ತದೆ ಎಂದು ಸಾಬೀತು ಮಾಡಿತು. ಅಲ್ಲಿಂದಾಚೆಗೆ ಎರಡು ಹೊಳೆಗಳು ಸಂಗಮವಾಗಲು ತಡವಾಗಲಿಲ್ಲ. 2009ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಜೊವಾನಿ ಕಮುಸ್ಸಿ ಅವರ ತಂಡ ಕಾಂಡಕೋಶದ ಚೀಲಗಳನ್ನಷ್ಟೇ ಕೊಟ್ಟು ಇಲಿಯ ಹಾಳಾದ ಮೂತ್ರಪಿಂಡವನ್ನು ಚೇತರಿಸಿತು. ಚೀಲದ ಆರ್‌ಎನ್‌ಎಯನ್ನು ಕಿಣ್ವ ಹಾಕಿ ನಾಶಮಾಡಿದರೆ ಗುಣವೂ ಹೋಯಿತು. 2010ರಲ್ಲಿ ಲಿಮ್ ತಂಡ ತನ್ನ ದ್ರವದಲ್ಲಿದ್ದ ದೊಡ್ಡ ಕಣ ಎಕ್ಸೊಸೋಮೇ ಎಂದು ಪ್ರಕಟಿಸಿತು. ಜರ್ಮನಿಯ ಎಸೆನ್‌ನಲ್ಲಿ, ಮಜ್ಜೆ ಕಸಿಯ ಬಳಿಕ ಸ್ಟೀರಾಯ್ಡಿಗೂ ಬಗ್ಗದ ತೊಂದರೆಯಿಂದ ನರಳುತ್ತಿದ್ದ ಒಬ್ಬ ರೋಗಿಗೆ ಈ ಚೀಲಗಳನ್ನು ಕೊಟ್ಟ ವರದಿ 2014ರಲ್ಲಿ ಬಂತು. ಲಕ್ಷಣಗಳು ಇಳಿದವು, ಕೆಲವು ತಿಂಗಳು ಸ್ಥಿತಿ ಸ್ಥಿರವಾಗಿತ್ತು, ಆಮೇಲೆ ನ್ಯುಮೋನಿಯಾ ಆ ಜೀವ ತೆಗೆದುಕೊಂಡಿತು. ಒಬ್ಬ ರೋಗಿಯಿಂದ ಏನನ್ನೂ ನಿರ್ಧರಿಸಲಾಗದು. ಆದರೂ ಮನುಷ್ಯನ ಮೈಯಲ್ಲಿ ಇಟ್ಟ ಮೊದಲ ಹೆಜ್ಜೆಗಳಲ್ಲಿ ಅದೊಂದು.

ಕರ್ನಾಟಕದ ಅಧ್ಯಾಯ ನಡೆದದ್ದು ಈ ಹೊತ್ತಿನಲ್ಲೇ, ಅದರ ಬೇರು ಇದ್ದದ್ದು ಕರಾವಳಿಯಲ್ಲಿ. ಡಾ. ಟಿ.ಎಂ.ಎ. ಪೈ 1953ರಲ್ಲಿ ಮಣಿಪಾಲದ ಗುಡ್ಡದ ಮೇಲೆ ಕಸ್ತೂರ್ಬಾ ಮೆಡಿಕಲ್ ಕಾಲೇಜು ಕಟ್ಟಿದಾಗ ಕಲಿಕೆಗೆ ತಕ್ಕ ದೊಡ್ಡ ಆಸ್ಪತ್ರೆ ಅಲ್ಲಿರಲಿಲ್ಲ. ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯ ವಾರ್ಡುಗಳೇ ಅದರ ವಿದ್ಯಾರ್ಥಿಗಳಿಗೆ ಪಾಠಶಾಲೆಯಾದವು. ಘಟ್ಟದ ಕೆಳಗಿನ ಬಡವರ ಕಾಯಿಲೆಗಳನ್ನು ಅವರು ನೋಡಿ ಕಲಿತದ್ದು ಅಲ್ಲಿ. ಅದೇ ಮಣಿಪಾಲ ಸಮೂಹ 2006ರಲ್ಲಿ ಬೆಂಗಳೂರಿನಲ್ಲಿ ಸ್ಟೆಂಪ್ಯೂಟಿಕ್ಸ್ ರಿಸರ್ಚ್ ಎಂಬ ಸಂಸ್ಥೆ ಹುಟ್ಟುಹಾಕಿತು. ಔಷಧ ಕಂಪೆನಿ ಸಿಪ್ಲಾ 2009ರಲ್ಲಿ ಕೈಜೋಡಿಸಿತು. ಪ್ರತಿ ರೋಗಿಯ ಕೋಶವನ್ನು ಅವನಿಗೇ ಬೆಳೆಸಿಕೊಡುವ ದುಬಾರಿ ದಾರಿ ಬಿಟ್ಟು, ಆರೋಗ್ಯವಂತ ದಾನಿಗಳ ಅಸ್ಥಿಮಜ್ಜೆಯ ಕೋಶಗಳನ್ನು ಒಟ್ಟುಗೂಡಿಸಿ ಬೆಳೆಸಿ, ದ್ರವ ಸಾರಜನಕದ ಚಳಿಯಲ್ಲಿ ಶೇಖರಿಸಿ, ಬೇಕಾದಾಗ ತೆಗೆದು ಯಾರಿಗಾದರೂ ಕೊಡಬಹುದಾದ ಔಷಧ ಮಾಡುವುದು ಅವರ ಯೋಜನೆ. ಅದಕ್ಕೆ ಸ್ಟೆಂಪ್ಯೂಸೆಲ್ ಎಂದು ಹೆಸರಿಟ್ಟರು. ಆರಿಸಿಕೊಂಡ ಕಾಯಿಲೆಗಳಲ್ಲಿ ಒಂದು ಬರ್ಗರ್ ಕಾಯಿಲೆಯಿಂದ ಕೊಳೆಯಲು ತೊಡಗಿದ ಕಾಲು.

2013ರಲ್ಲಿ 20 ರೋಗಿಗಳ ಮೊದಲ ಪ್ರಯೋಗದ ಫಲಿತಾಂಶ ಪ್ರಕಟವಾಯಿತು. 2017ರಲ್ಲಿ ಪ್ರಕಟವಾದ ಎರಡನೆಯದರಲ್ಲಿ ಬರ್ಗರ್ ಕಾಯಿಲೆಯ 90 ಜನ: 36 ಮಂದಿಗೆ ದೇಹತೂಕದ ಪ್ರತಿ ಕಿಲೋಗೆ ಹತ್ತು ಲಕ್ಷ ಕೋಶ, 36 ಮಂದಿಗೆ ಇಪ್ಪತ್ತು ಲಕ್ಷ, 18 ಮಂದಿಗೆ ಮಾಮೂಲಿ ಚಿಕಿತ್ಸೆ ಮಾತ್ರ. ಕೋಶಗಳನ್ನು ಹಾಕಿದ್ದು ನಡೆಯುವಾಗ ಹಿಡಿದುಕೊಳ್ಳುವ ಅದೇ ಮೀನಖಂಡಕ್ಕೆ. ಹೆಚ್ಚು ಕೋಶ ಪಡೆದವರಿಗೆ ಮಲಗಿದ್ದಾಗಿನ ನೋವು ಹೆಚ್ಚು ಇಳಿಯಿತು, ಹುಣ್ಣು ಬೇಗ ಮಾಯತೊಡಗಿತು. ಪ್ರಕಟಣೆಗೆ ಮೊದಲೇ, ಇದರ ಆಧಾರದ ಮೇಲೆ 2016ರಲ್ಲಿ ದೇಶದ ಔಷಧ ನಿಯಂತ್ರಕರು ಷರತ್ತುಗಳೊಂದಿಗೆ ಮಂಜೂರಾತಿ ಕೊಟ್ಟರು. 2020ರಲ್ಲಿ ಕಾಲಿನ ನಾಳ ಮುಚ್ಚಿದ ಇತರ ರೋಗಿಗಳಿಗೂ, 2022ರಲ್ಲಿ ಮಂಡಿ ಸವೆತಕ್ಕೂ ಅದು ವಿಸ್ತರಿಸಿತು. ಮಂಡಿಯ ಪ್ರಯೋಗದಲ್ಲಿ 146 ಜನರಿದ್ದರು, ಒಂದೇ ಚುಚ್ಚುಮದ್ದಿನಲ್ಲಿ ಎರಡೂವರೆ ಕೋಟಿ ಕೋಶ.

2016ರ ಮಂಜೂರಾತಿ ಎಲ್ಲರಿಗೂ ಒಪ್ಪಿಗೆಯಾಗಿರಲಿಲ್ಲ. 90 ಜನರ ಪ್ರಯೋಗದಲ್ಲಿ ಯಾರಿಗೆ ಏನು ಎಂಬುದನ್ನು ಚೀಟಿ ಎತ್ತಿದಂತೆ ಹಂಚಿರಲಿಲ್ಲ, ಕೊಡುತ್ತಿರುವುದು ಏನೆಂದು ರೋಗಿಗೂ ವೈದ್ಯರಿಗೂ ಗೊತ್ತಿತ್ತು. ದೊಡ್ಡ ಮೂರನೇ ಹಂತದ ಪ್ರಯೋಗಕ್ಕೆ ಮೊದಲೇ ಬಾಗಿಲು ತೆರೆದದ್ದು ಅವಸರ ಎಂಬುದು ಟೀಕೆ. ಕಾಲು ಕತ್ತರಿಸುವುದೊಂದೇ ಉಳಿದವನ ಮುಂದೆ ಪೂರ್ಣ ಪುರಾವೆಗೆ ಕಾಯಿರಿ ಎನ್ನುವುದು ಹೇಗೆ ಎಂಬುದು ಪರವಾದ ಮಾತು. ಎರಡರಲ್ಲೂ ಹುರುಳಿದೆ. ಷರತ್ತು ಹಾಕಿ, ಕೊಟ್ಟ ನಂತರವೂ ರೋಗಿಗಳ ಮೇಲೆ ನಿಗಾ ಇಡಿಸಿದ್ದು ನ್ಯಾಯವಾದ ನಡುದಾರಿ. ಆಮೇಲೆ ಮಂಡಿಯ ಪ್ರಯೋಗವನ್ನು ಹುಸಿ ಚುಚ್ಚುಮದ್ದಿನ ಎದುರು, ಇಬ್ಬರಿಗೂ ಗೊತ್ತಾಗದಂತೆ ನಡೆಸಿದ್ದು ಆ ಟೀಕೆಗೆ ಸಿಕ್ಕ ಒಳ್ಳೆಯ ಉತ್ತರವೂ ಹೌದು.

ಆದರೆ ಈ ಕಥೆಯ ಮುಖ್ಯ ತಿರುವು ಪ್ರಯೋಗಾಲಯದ ಒಂದು ಮಾಮೂಲಿ ಪರೀಕ್ಷೆಯಲ್ಲಿದೆ. ಕೋಶಗಳ ಪ್ರತಿ ಕಂತಿಗೂ ಕಸುವಿದೆಯೇ ಎಂದು ಅಳೆಯಬೇಕಲ್ಲ, ಹೇಗೆ? 2017ರಲ್ಲಿ ಬೆಂಗಳೂರಿನ ತಂಡ ತನ್ನ ವಿಧಾನ ಪ್ರಕಟಿಸಿತು: ಕೋಶ ಬೆಳೆದ ದ್ರವದಲ್ಲಿ ವಿಇಜಿಎಫ್ ಎಂಬ, ಹೊಸ ರಕ್ತನಾಳ ಚಿಗುರಿಸುವ ಪ್ರೋಟೀನು ಎಷ್ಟಿದೆ ಎಂದು ನೋಡುವುದು. ಕೋಶ ಏನಾಗುತ್ತದೆ ಎಂಬುದನ್ನಲ್ಲ, ಕೋಶ ಏನನ್ನು ಹೊರಬಿಡುತ್ತದೆ ಎಂಬುದನ್ನು ಅವರು ಅಳೆಯುತ್ತಿದ್ದರು. ಅದೇ ವರ್ಷ ಕ್ಯಾಪ್ಲನ್ ಕೂಡ ತಾವು 1991ರಲ್ಲಿ ಹೇಳಿದ್ದನ್ನು ಕೈಬಿಟ್ಟು, ದೇಹದೊಳಗೆ ಇವು ಕಾಂಡಕೋಶದಂತೆ ನಡೆದುಕೊಳ್ಳುವುದೇ ಇಲ್ಲ, ಗಾಯದ ಜಾಗದಲ್ಲಿ ಔಷಧ ಸ್ರವಿಸುತ್ತವೆ ಎಂದು ಬರೆದರು. ಹಾಗಾದರೆ ಕೋಶವೇ ಏಕೆ, ಅದು ಹೊರಬಿಟ್ಟ ಚೀಲಗಳು ಸಾಲವೇ ಎಂಬ ಪ್ರಶ್ನೆ ತಾನಾಗಿ ಎದ್ದು ನಿಂತಿತು. ಚೀಲ ಜೀವಂತವಲ್ಲ, ಮೈಯೊಳಗೆ ಹೋಗಿ ಗಡ್ಡೆಯಾಗಿ ಬೆಳೆಯುವ ಭಯವಿಲ್ಲ. ಜೀವ ಉಳಿಸಿಕೊಂಡೇ ಸಾಗಿಸಬೇಕಾದ ಕಷ್ಟವೂ ಇಲ್ಲ.

ಹೇಳಿದಷ್ಟು ಸುಲಭವಿಲ್ಲ. ಚೀಲಗಳಲ್ಲಿರುವ ಮೈಕ್ರೋ ಆರ್‌ಎನ್‌ಎಯೇ ಮದ್ದು ಎಂದು ಹಲವರು ಹೇಳುತ್ತಿದ್ದಾಗ, 2014ರಲ್ಲಿ ಅಮೆರಿಕದ ಒಂದು ತಂಡ ಎಣಿಸಿಯೇ ನೋಡಿತು: ಯಾವುದೇ ಒಂದು ಬಗೆಯ ಮೈಕ್ರೋ ಆರ್‌ಎನ್‌ಎ ತೆಗೆದುಕೊಂಡರೆ ನೂರು ಚೀಲಕ್ಕೆ ಒಂದು ಪ್ರತಿಯೂ ಸರಾಸರಿಯಲ್ಲಿ ಸಿಗಲಿಲ್ಲ. ಹಾಗಿದ್ದರೆ ಗುಣ ಮಾಡುವುದು ಒಳಗಿನ ಪ್ರೋಟೀನೋ, ಪೊರೆಯ ಮೇಲಿನ ಅಂಶವೋ, ಚೀಲಕ್ಕೆ ಅಂಟಿಕೊಂಡು ಬಂದ ಬೇರೇನೋ? ಇಂದಿಗೂ ಒಮ್ಮತವಿಲ್ಲ. ಶುದ್ಧಗೊಳಿಸುವ ವಿಧಾನ ಬದಲಾದರೆ ಸಿಗುವ ಸರಕೂ ಬದಲಾಗುತ್ತದೆ. ಒಂದು ಪ್ರಯೋಗಾಲಯದ ಎಕ್ಸೊಸೋಮ್ ಇನ್ನೊಂದರದ್ದಕ್ಕೆ ಸಮ ಎನ್ನುವಂತಿಲ್ಲ.

ವಿಜ್ಞಾನಿಗಳು ಹೀಗೆ ತಲೆ ಕೆಡಿಸಿಕೊಂಡಿರುವಾಗ ಮಾರುಕಟ್ಟೆ ಕಾಯಲಿಲ್ಲ. ಮಂಡಿ ನೋವು, ಬೊಕ್ಕತಲೆ, ಸುಕ್ಕು, ಬೆನ್ನುಹುರಿಯ ಪೆಟ್ಟು ಎಲ್ಲಕ್ಕೂ ಎಕ್ಸೊಸೋಮ್ ಎಂದು ಅಮೆರಿಕದ ಕ್ಲಿನಿಕ್ಕುಗಳು ಜಾಹೀರಾತು ಹಾಕಿದವು. 2019ರ ಡಿಸೆಂಬರಿನಲ್ಲಿ ನೆಬ್ರಾಸ್ಕಾ ರಾಜ್ಯದಲ್ಲಿ ಎಕ್ಸೊಸೋಮ್ ಎಂದು ಮಾರಿದ್ದನ್ನು ಹಾಕಿಸಿಕೊಂಡ ಹಲವರಿಗೆ ಗಂಭೀರ ತೊಂದರೆಯಾದ ಮೇಲೆ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸಾರ್ವಜನಿಕ ಎಚ್ಚರಿಕೆ ಹೊರಡಿಸಿತು: ಮಂಜೂರಾದ ಎಕ್ಸೊಸೋಮ್ ಔಷಧ ಒಂದೂ ಇಲ್ಲ.

ಭಾರತದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರ ಮಾರ್ಗಸೂಚಿಯಲ್ಲೇ ನೇರವಾಗಿ ಹೇಳಿತ್ತು: ರಕ್ತದ ಕಾಯಿಲೆಗಳಿಗೆ ಮಾಡುವ ಮಜ್ಜೆ ಕಸಿಯಂಥ ಚಿಕಿತ್ಸೆ ಬಿಟ್ಟರೆ ಕಾಂಡಕೋಶದ ಉಳಿದೆಲ್ಲ ಬಳಕೆ ಇನ್ನೂ ಪ್ರಯೋಗ, ಪ್ರಯೋಗಕ್ಕೆ ರೋಗಿಯಿಂದ ದುಡ್ಡು ತೆಗೆದುಕೊಳ್ಳುವಂತಿಲ್ಲ. ಆಟಿಸಂ ಇರುವ ಮಕ್ಕಳಿಗೆ ಈ ಚಿಕಿತ್ಸೆ ಸಲ್ಲದೆಂದು 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಂಡಳಿಯೂ ಹೇಳಿತು. ಎಕ್ಸೊಸೋಮ್ ಈಗ ದೊಡ್ಡ ಪೇಟೆಗಳ ಚರ್ಮ, ಕೂದಲ ಕ್ಲಿನಿಕ್ಕುಗಳಿಗೆ ಸೌಂದರ್ಯವರ್ಧಕದ ವೇಷದಲ್ಲಿ ಬಂದಿದೆ. ನಮ್ಮ ಕಾನೂನಿನ ಪ್ರಕಾರ ಸೌಂದರ್ಯವರ್ಧಕವೆಂದರೆ ಮೈಗೆ ಹಚ್ಚುವ, ಸುರಿಯುವ, ಸಿಂಪಡಿಸುವ ವಸ್ತು. ಸೂಜಿಯಲ್ಲಿ ಚುಚ್ಚಿದ ಕೂಡಲೇ ಅದು ಆ ವ್ಯಾಖ್ಯೆಯಿಂದ ಹೊರಗೆ ಹೋಗುತ್ತದೆ. ಚುಚ್ಚಿಸಿಕೊಳ್ಳುವವರಿಗೆ ಇದನ್ನು ಹೇಳುವವರು ಬೇಕು. ಅಡಿಕೆ ತೋಟ ಅಡವಿಟ್ಟು, ಬೀಡಿಯಲ್ಲಿ ಕೂಡಿಟ್ಟ ಚಿನ್ನ ಮಾರಿ ಇಂಥದ್ದಕ್ಕೆ ದುಡ್ಡು ಹೊಂದಿಸಬಲ್ಲ ಮನೆಗಳು ನಮ್ಮ ಸುತ್ತಲೇ ಇವೆ. ಕೈಬಿಟ್ಟ ಕಾಯಿಲೆಯ ಮುಂದೆ ಯಾರೂ ಲೆಕ್ಕ ಹಾಕುತ್ತ ಕೂರುವುದಿಲ್ಲ.

ಕೆಲಸ ನಿಂತಿಲ್ಲ. ಮಂಗಳೂರಿನ ದೇರಳಕಟ್ಟೆಯಲ್ಲಿ ನಿಟ್ಟೆ ಮತ್ತು ಯೆನೆಪೋಯ ವಿಶ್ವವಿದ್ಯಾಲಯಗಳ ಕಾಂಡಕೋಶ ಕೇಂದ್ರಗಳಿವೆ. ಕಿತ್ತು ಬಿಸಾಡುವ ಹಲ್ಲಿನ ತಿರುಳಿನಿಂದ ಮೆಸೆಂಕೈಮಲ್ ಕೋಶ ಬೆಳೆಸುವ ಸಂಶೋಧನೆ ನಿಟ್ಟೆಯಲ್ಲಿ ನಡೆದಿದೆ. ಅಮೆರಿಕ ತನ್ನ ಮೊದಲ ಮೆಸೆಂಕೈಮಲ್ ಕೋಶದ ಔಷಧವನ್ನು ಮಂಜೂರು ಮಾಡಿದ್ದು 2024ರ ಡಿಸೆಂಬರಿನಲ್ಲಿ, ಬೆಂಗಳೂರಿನ ಔಷಧಕ್ಕೆ ಇಲ್ಲಿ ಮಂಜೂರಾತಿ ಸಿಕ್ಕ ಎಂಟು ವರ್ಷದ ಮೇಲೆ, ಮಜ್ಜೆ ಕಸಿಯ ನಂತರದ ತೊಂದರೆಗೆ ಸಿಲುಕಿದ ಮಕ್ಕಳಿಗಾಗಿ. ಚೀಲಗಳ ವಿಷಯದಲ್ಲಿ 2014ರಲ್ಲಿ ಹೊರಬಂದ ಅಂತರರಾಷ್ಟ್ರೀಯ ನಿಯಮಾವಳಿ 2018ರಲ್ಲೊಮ್ಮೆ, 2023ರ ಆವೃತ್ತಿಯಾಗಿ ಮತ್ತೊಮ್ಮೆ ಪರಿಷ್ಕೃತವಾಯಿತು. ಯಾವ ಕೋಶದಿಂದ ತೆಗೆದದ್ದು, ಹೇಗೆ ಬೇರ್ಪಡಿಸಿದ್ದು, ಎಷ್ಟು ಕಣ, ಎಷ್ಟು ಪ್ರೋಟೀನು, ಚೀಲವಲ್ಲದ್ದು ಎಷ್ಟು ಬೆರೆತಿದೆ ಎಂಬುದನ್ನೆಲ್ಲ ಬರೆದಿಡದೆ ಎಕ್ಸೊಸೋಮ್ ಎಂದು ಹೇಳಿಕೊಳ್ಳುವಂತಿಲ್ಲ ಎಂಬುದು ಅದರ ತಿರುಳು. ಸ್ಟೆಂಪ್ಯೂಸೆಲ್ ಕೊಡುವ ವೈದ್ಯರಿಗೆ ಕಿಲೋ ತೂಕಕ್ಕೆ ಎಷ್ಟು ಲಕ್ಷ ಕೋಶ ಎಂಬ ಅಳತೆ ಗೊತ್ತಿದೆ. ಚೀಲಗಳಿಗೆ ಅಂಥ ಒಂದು ಅಳತೆ, ಎಲ್ಲರೂ ಒಪ್ಪಿದ್ದು, ಇನ್ನೂ ಇಲ್ಲ. ಈಗ ನಡೆಯುತ್ತಿರುವ ಪ್ರಯೋಗಗಳು ಮೊದಲು ಉತ್ತರ ಹುಡುಕಬೇಕಾಗಿರುವುದು ಅದಕ್ಕೇ.